ಎರಡು ಚಿತ್ರಗಳ ನಡುವಿನ ಜಾಗ

ಗ್ರಾಫಿಕ್ ಕಾದಂಬರಿ ಮಾಡ್ತೀನಿ ಅಂತ ಹೊರಟಿದ್ದೀಯ. ಮೊದಲನೆಯದೇ ಮುನ್ನೂರು ಪುಟ, ಅದೂ ಮೂರು ಭಾಗದಲ್ಲಿ. ನಾಯಕನ ಕತ್ತಿಗೆ ಹೆಸರಿಟ್ಟಾಯಿತು, ಕುದುರೆಗೆ ಹೆಸರಿಟ್ಟಾಯಿತು, ಸಿನಿಮಾ ಹಕ್ಕು ಯಾರಿಗೆ ಕೊಡಬೇಕು ಅನ್ನುವ ಯೋಚನೆಯೂ ಶುರುವಾಗಿದೆ. ಕತೆ ಮಾತ್ರ ಇನ್ನೂ ಬಂದಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅನ್ನುವುದು ಇದಕ್ಕೇ ಮಗು. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕೈಯಲ್ಲಿ ಗೆರೆ ಇದೆ. ಬಸ್‌ಸ್ಟ್ಯಾಂಡಿನಲ್ಲಿ ಹೂವು ಕಟ್ಟುವ ಹೆಂಗಸನ್ನು ಬರೆದಿದ್ದೆಯಲ್ಲ, ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂತವಳು, ಅದನ್ನು ನೋಡಿಯೇ ನನಗೆ ನಂಬಿಕೆ ಬಂದದ್ದು. ಹಾಗೆ ನೋಡುವ ಕಣ್ಣನ್ನು ಯಾವ ಮೇಷ್ಟ್ರೂ ಕೊಡಲಾರ. ಆತುರ ಒಂದೇ ನಿನಗಿರುವ ಕಾಯಿಲೆ. ಅದಕ್ಕೇ ಈ ನಾಲ್ಕು ಮಾತು.

ಚಿತ್ರ ಮತ್ತು ಮಾತು ಸೇರಿಸಿ ಕತೆ ಹೇಳುವುದು ಹೊರಗಿನಿಂದ ಬಂದದ್ದು ಅಂದುಕೊಂಡಿದ್ದೀಯ. ನಿನ್ನ ಕಪಾಟು ನೋಡಿದರೆ ಹಾಗೇ ಅನ್ನಿಸುತ್ತೆ, ಜಪಾನಿನ ಮಾಂಗಾ, ಅಮೆರಿಕದ ಸೂಪರ್‌ಹೀರೋ. ಫೋನಿನಲ್ಲಿ ಕೊರಿಯಾದ ವೆಬ್‌ಟೂನ್. ಓದು, ಬೇಡ ಅನ್ನಲ್ಲ. ಜಿನೀವಾದಲ್ಲಿ ಶಾಲೆ ನಡೆಸುತ್ತಿದ್ದ ರೊಡಾಲ್ಫ್ ಟಾಪ್ಫರ್ 1830ರ ದಶಕದಲ್ಲೇ ಚೌಕಗಳಲ್ಲಿ ಚಿತ್ರ ಬರೆದು, ಅಡಿಯಲ್ಲಿ ಮಾತು ಬರೆದು ಪುಸ್ತಕ ಅಚ್ಚು ಹಾಕಿಸಿದ. ಆರ್ಟ್ ಸ್ಪೀಗೆಲ್‌ಮನ್ 'ಮೌಸ್'ನಲ್ಲಿ ಯಹೂದಿಗಳನ್ನು ಇಲಿ ಮಾಡಿ, ನಾಜಿಗಳನ್ನು ಬೆಕ್ಕು ಮಾಡಿ ತನ್ನಪ್ಪನ ಕತೆ ಹೇಳಿದ. 1992ರಲ್ಲಿ ಅದಕ್ಕೆ ಪುಲಿಟ್ಜರ್ ಗೌರವ ಬಂತು. ಇವನ್ನೆಲ್ಲ ಓದಲೇಬೇಕು. ಆದರೆ ನಿಮ್ಮೂರ ಕೆರೆ ಏರಿಯ ಪಕ್ಕ ವಾಲಿಕೊಂಡು ನಿಂತಿರುವ ಕಲ್ಲನ್ನು ಯಾವತ್ತಾದರೂ ಓದಿದ್ದೀಯಾ? ಅದಕ್ಕೆ ಒರಗಿಕೊಂಡು ಸೆಲ್ಫಿ ತೆಗೆದದ್ದು ನೋಡಿದ್ದೀನಿ. ಓದಿದ್ದು ಕಾಣೆ.

ವೀರಗಲ್ಲಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರು. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತೆ, ನಿನ್ನ ಲೆಕ್ಕದಲ್ಲಿ ಮೂರು ಪ್ಯಾನೆಲ್. ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ. ಒಬ್ಬ ಬಿಲ್ಲು ಎಳೆದಿದ್ದಾನೆ, ಇನ್ನೊಬ್ಬ ಕತ್ತಿ ಬೀಸಿದ್ದಾನೆ. ದನ ಹೊಡೆದುಕೊಂಡು ಹೋದವರ ಜೊತೆ ನಡೆದ ಜಗಳವಾದರೆ ಪಕ್ಕದಲ್ಲಿ ಸಾಲಾಗಿ ದನಗಳು. ನಡುವಿನ ಅಂತಸ್ತಿನಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯಲ್ಲಿ ಕೈಲಾಸ. ಲಿಂಗ, ನಂದಿ, ಪೂಜೆ ಮಾಡುವವನು, ಕೈಮುಗಿದು ಕೂತ ವೀರ. ಜೈನರದ್ದಾದರೆ ಜಿನಬಿಂಬ. ನೆತ್ತಿಯ ಮೇಲೆ ಸೂರ್ಯ ಚಂದ್ರ, ಅವು ಇರುವ ತನಕ ಈ ಹೆಸರೂ ಇರಲಿ ಅಂತ. ಅಕ್ಷರ ಇರುವ ಕಲ್ಲಾದರೆ ಆ ಅಕ್ಷರ ಹೆಚ್ಚಾಗಿ ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಓಡುತ್ತೆ.

ಈಗ ಹೇಳು, ಅವನು ಸತ್ತದ್ದು ಯಾವ ಚಿತ್ರದಲ್ಲಿ?

ಎಷ್ಟೋ ಕಲ್ಲುಗಳಲ್ಲಿ ಅದು ಕಾಣುವುದೇ ಇಲ್ಲ. ಕೆಳಗೆ ಇನ್ನೂ ಹೊಡೆದಾಡುತ್ತಿದ್ದಾನೆ. ನಿನ್ನ ಕಣ್ಣು ಒಂದು ಗೇಣು ಮೇಲೇರುವಷ್ಟರಲ್ಲಿ ಅಪ್ಸರೆಯರ ಕೈಯಲ್ಲಿದ್ದಾನೆ. ಸಾವು ಆ ಪಟ್ಟಿಯಲ್ಲಿ ನಡೆದುಹೋಯಿತು. ಕಲ್ಲುಕುಟಿಗ ಅದನ್ನು ಕೆತ್ತಲಿಲ್ಲ, ನೋಡುವವನ ಎದೆಯೊಳಗೆ ಆಗಲಿ ಅಂತ ಬಿಟ್ಟ. ಎರಡು ಚೌಕಗಳ ನಡುವಿನ ಖಾಲಿ ಜಾಗಕ್ಕೆ ಗಟರ್ ಅನ್ನುತ್ತೀಯಲ್ಲ, ಸ್ಕಾಟ್ ಮೆಕ್ಲೌಡ್ 1993ರ ತನ್ನ ಪುಸ್ತಕದಲ್ಲಿ ಅದರ ಮೇಲೇ ಒಂದು ಅಧ್ಯಾಯ ಬರೆದಿದ್ದಾನೆ, ಬಹಳ ಚೆನ್ನಾಗಿ ಬರೆದಿದ್ದಾನೆ. ನಮ್ಮವರು ಅದನ್ನು ಉಳಿಯಲ್ಲಿ ಮಾಡಿ ತೋರಿಸಿ ಸಾವಿರ ವರ್ಷ ದಾಟಿತು.

ನೀನು ಮೊನ್ನೆ ತಂದ ಪುಟ ತೆಗೆ. ಕತ್ತಿ ಎತ್ತಿದ್ದು, ಬೀಸಿದ್ದು, ಕುತ್ತಿಗೆಗೆ ತಾಗಿದ್ದು, ರಕ್ತ ಚಿಮ್ಮಿದ್ದು, ತಲೆ ಉರುಳಿದ್ದು, ಎಲ್ಲ ಇದೆ. ಓದುವವನಿಗೆ ಏನು ಕೆಲಸ ಉಳಿಸಿದ್ದೀಯ? ಅವನು ಬರೀ ಪುಟ ತಿರುವಬೇಕು. ಎರಡು ಚಿತ್ರ ಹೊಡೆದುಹಾಕು. ಯಾವ ಎರಡು ಅಂತ ನಾನು ಹೇಳಲ್ಲ, ಅದನ್ನು ಕಂಡುಕೊಳ್ಳುವುದೇ ನಿನ್ನ ಕಸುಬು.

ಆ ಪಟ್ಟಿಯ ಅಕ್ಷರ ಏನು ಹೇಳುತ್ತೆ ಅನ್ನುವುದನ್ನೂ ಗಮನಿಸು. ವೀರ ಹೋರಾಡುತ್ತಿದ್ದಾನೆ ಅಂತ ಅಲ್ಲ, ಅದು ಕಣ್ಣಿಗೇ ಕಾಣುತ್ತೆ. ಯಾವ ಅರಸನ ಕಾಲ, ಯಾವ ಊರು, ಯಾರ ಮಗ, ಯಾರ ದನ ಬಿಡಿಸೋಕೆ ಹೋದ, ಕಲ್ಲು ನಿಲ್ಲಿಸಿದವರು ಯಾರು, ಇಂಥವು. ಚಿತ್ರದ ಕೈಯಲ್ಲಿ ಆಗದ್ದನ್ನು ಮಾತ್ರ ಮಾತಿಗೆ ಕೊಟ್ಟಿದ್ದಾರೆ. ನೀನೇನು ಮಾಡಿದ್ದೀಯ? ಹುಡುಗಿ ಮಳೆಯಲ್ಲಿ ನಿಂತು ಅಳುತ್ತಿದ್ದಾಳೆ, ಚಿತ್ರ ಬಹಳ ಚೆನ್ನಾಗಿ ಬಂದಿದೆ. ಅದರ ತಲೆಯ ಮೇಲೆ 'ಅಂದು ಜೋರು ಮಳೆ. ಆಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು' ಅಂತ ಬರೆದಿದ್ದೀಯ. ಉಪ್ಪು ಬಿದ್ದ ಸಾರಿಗೆ ಮತ್ತೆ ಉಪ್ಪು ಹಾಕಿದ ಹಾಗೆ. ಆ ಸಾಲು ತೆಗೆದು, ಅವಳ ಕಿವಿಗೊಂದು ಫೋನ್ ಕೊಡು. 'ಊಟ ಆಯ್ತಮ್ಮ, ಚೆನ್ನಾಗಿದ್ದೀನಿ' ಅನ್ನಲಿ. ಕಣ್ಣೀರು ಒಂದು ಹೇಳುತ್ತೆ, ಬಾಯಿ ಇನ್ನೊಂದು ಹೇಳುತ್ತೆ. ಈಗ ಓದುವವನು ಮುಂದಕ್ಕೆ ಬಾಗುತ್ತಾನೆ ನೋಡು.

ಹಾಗಂತ ಮಾತಿಗೆ ಬೆಲೆ ಕಮ್ಮಿ ಅಂದುಕೊಳ್ಳಬೇಡ. ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಅಗೆದು ತೆಗೆದರಲ್ಲ, ಅಲ್ಲಿ ರಾಜ, ರಾಣಿ, ಪರಿಚಾರಿಕೆಯರ ಒಂದು ಶಿಲ್ಪ ಸಿಕ್ಕಿತು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಅಂತ ಎರಡೇ ಪದ. ಅಷ್ಟರಿಂದಲೇ ಇವನು ಅಶೋಕ ಅಂತ ಲೋಕಕ್ಕೆ ತಿಳಿಯಿತು. ಆ ಎರಡು ಪದ ಇಲ್ಲದಿದ್ದರೆ ಯಾರೋ ಒಬ್ಬ ರಾಜ ಅಂತ ಮುಂದೆ ಹೋಗುತ್ತಿದ್ದೆವು. ಪಟ್ಟದಕಲ್ಲಿನ ಪಾಪನಾಥ ಗುಡಿಯ ಹೊರಗೋಡೆಯಲ್ಲೂ ರಾಮಾಯಣದ ಚಿತ್ರಗಳಿಗೆ ಕನ್ನಡದಲ್ಲಿ ಹೆಸರು ಕೆತ್ತಿದ್ದಾರೆ, 8ನೇ ಶತಮಾನದಲ್ಲೇ. ನೀನು ಒಂದು ಚಿತ್ರಕ್ಕೆ ನಲವತ್ತು ಪದ ಸುರಿಯುವಾಗ ಈ ಎರಡು ಪದವನ್ನು ಒಂದು ಸಲ ನೆನೆಸಿಕೋ.

ಇನ್ನೊಂದು ಕಲ್ಲು ನಿನಗೆ ಗೊತ್ತಿರಲೇಬೇಕು. ಮದ್ದೂರು ತಾಲ್ಲೂಕಿನ ಆತಕೂರಿನದು, 950ರ ಹೊತ್ತಿನದು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತಕ್ಕೋಲದ ಯುದ್ಧ ಆಗಷ್ಟೇ ಮುಗಿದಿತ್ತು. ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಕಡೆ ನಿಂತ ಗಂಗರ ಬೂತುಗ, ರಣದಲ್ಲಿ ಸತ್ತ ಚೋಳ ರಾಜಾದಿತ್ಯ, ಎಲ್ಲ ದೊಡ್ಡವರೂ ಶಾಸನದಲ್ಲಿದ್ದಾರೆ. ಬೂತುಗನ ಬಂಟ ಮಣಲೇರ. ಅವನ ಪರಾಕ್ರಮಕ್ಕೆ ಮೆಚ್ಚಿ ಒಡೆಯ ಏನು ಬೇಕೋ ಕೇಳು ಅಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿದ. ಆಮೇಲೆ ಆ ನಾಯಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು.

ಆ ಕಲ್ಲಿನ ಮೇಲೆ ಚಿತ್ರ ಯಾರದ್ದು? ಅಷ್ಟು ದೊರೆಗಳಲ್ಲಿ ಒಬ್ಬನದ್ದೂ ಇಲ್ಲ. ಹಂದಿಯ ಮೇಲೆ ಎರಗಿದ ನಾಯಿ, ಅಷ್ಟೇ. ಸಾಮ್ರಾಜ್ಯಗಳ ಯುದ್ಧವನ್ನೆಲ್ಲ ಅಕ್ಷರಕ್ಕೆ ಬಿಟ್ಟು, ಚಿತ್ರವನ್ನು ನಾಯಿಗೆ ಕೊಟ್ಟ ಆ ಶಿಲ್ಪಿಯ ಬುದ್ಧಿಗೆ ನಾನು ಕೈಮುಗಿಯುತ್ತೀನಿ. ಯಾವುದನ್ನು ಬರೆಯಬೇಕು ಅಂತ ಆರಿಸುವುದರಲ್ಲೇ ಅರ್ಧ ಕಲೆ ಮುಗಿಯಿತು. ನಿನ್ನ ಮುನ್ನೂರು ಪುಟದಲ್ಲಿ ನಾಲ್ಕು ಯುದ್ಧ ಇವೆ, ಎರಡು ಪಟ್ಟಾಭಿಷೇಕ ಇವೆ. ನಾಯಿ ಎಲ್ಲಿದೆ ಮಗು?

ನಾನು ವಾರಪತ್ರಿಕೆಯ ಕತೆಗಳಿಗೆ ಚಿತ್ರ ಬರೆಯುತ್ತಿದ್ದ ಕಾಲದಲ್ಲಿ ಹಿರಿಯರು ಒಂದು ಪಾಠ ಹೇಳಿಕೊಟ್ಟಿದ್ದರು. ಕೊಲೆ ಆಗುವ ಕತೆಯಾದರೆ ಕೊಲೆ ಬರೆಯಬೇಡ, ಬಾಗಿಲ ಚಿಲಕದ ಮೇಲಿನ ಕೈ ಬರಿ. ಮದುವೆ ಮುರಿಯುವ ಕತೆಯಾದರೆ ಜಗಳ ಬರೆಯಬೇಡ, ಉಣ್ಣದೆ ಬಿಟ್ಟೆದ್ದ ಎಲೆ ಬರಿ. ಓದುಗ ಮೊದಲು ಚಿತ್ರ ನೋಡುತ್ತಾನೆ, ಆಮೇಲೆ ಕತೆಗೆ ಕೂರುತ್ತಾನೆ. ಕೊನೆಯನ್ನು ಚಿತ್ರದಲ್ಲೇ ಕೊಟ್ಟುಬಿಟ್ಟರೆ ಅವನು ಯಾಕೆ ಓದಬೇಕು? ಈ ಪಾಠ ನನಗೆ ಜೀವನಪೂರ್ತಿ ಅನ್ನ ಹಾಕಿದೆ.

'ಚಂದಮಾಮ'ದ ಶಂಕರ್ ಇದನ್ನು ಎಷ್ಟು ಚೆನ್ನಾಗಿ ಅರಿತಿದ್ದರು! 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಪತ್ರಿಕೆ ಅದು, 1949ರಿಂದ ಕನ್ನಡದಲ್ಲೂ ಬಂತು. ವಿಕ್ರಮ ಬೇತಾಳದ ಆ ಚಿತ್ರ ನಿನ್ನ ಅಜ್ಜಿಯನ್ನು ಕೇಳು, ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ಸ್ಮಶಾನದ ಕತ್ತಲೆ. ರಾಜ ನಡೆಯುತ್ತಿದ್ದಾನೆ. ನಡೆಯುತ್ತಿದ್ದಾನೆ ಅಷ್ಟೇ, ಇನ್ನೂ ಏನೂ ಆಗಿಲ್ಲ. ತಿಂಗಳು ತಿಂಗಳೂ ಮಕ್ಕಳು ಆ ಹೆಜ್ಜೆಯ ಹಿಂದೆ ಹೋದರು. ಶಂಕರ್ ದಶಕಗಳ ಕಾಲ ಆ ಪತ್ರಿಕೆಗೆ ಬರೆದರು, 2020ರಲ್ಲಿ ತೀರಿಕೊಂಡಾಗ ತೊಂಬತ್ತು ದಾಟಿತ್ತು. ನೀನು ಒಂದು ತಿಂಗಳಲ್ಲಿ ಶೈಲಿ ಬದಲಾಯಿಸಬೇಕು ಅನ್ನುತ್ತೀಯ.

ಅಮರ ಚಿತ್ರ ಕಥೆಯ ವಿಷಯಕ್ಕೆ ಬಂದರೆ ನಿನ್ನ ಗೆಳೆಯರು ಮೂಗು ಮುರಿಯುತ್ತಾರೆ. ಅನಂತ ಪೈ ನಮ್ಮ ಕಾರ್ಕಳದವರು, 1929ರಲ್ಲಿ ಹುಟ್ಟಿದವರು. 1967ರಲ್ಲಿ ಕೈಹಾಕಿ ಈ ದೇಶದ ಮಕ್ಕಳ ಕೈಗೆ ಈ ದೇಶದ ಕತೆಯನ್ನು ಚೌಕ ಚೌಕವಾಗಿ ಕೊಟ್ಟರು. ಅವರ 'ಕೃಷ್ಣ'ದ ಸಂಖ್ಯೆ 11. ಅದಕ್ಕೆ ಮುಂಚಿನ ಹತ್ತು ಪುಸ್ತಕಗಳು ಪಾಶ್ಚಾತ್ಯ ದೇಶದ ಕತೆಗಳು. 'ಕೃಷ್ಣ'ಕ್ಕೆ ಚಿತ್ರ ಬರೆದವರು ರಾಮ್ ವಾಯೀರ್ಕರ್. ನಾನು ಪಾಠ ಮಾಡಿದ ಶಾಲೆಯಲ್ಲಿ ಅಕ್ಷರ ಕೂಡಿಸಿ ಓದಲು ತಿಣುಕುತ್ತಿದ್ದ ಹುಡುಗರು ಆ ಪುಸ್ತಕ ಸಿಕ್ಕರೆ ಊಟದ ಗಂಟೆ ಮರೆಯುತ್ತಿದ್ದರು. ಮೊದಲು ಚಿತ್ರ, ಆಮೇಲೆ ಬಲೂನಿನ ಮಾತು, ಮತ್ತೆ ಚಿತ್ರ. ಓದು ಬಂದದ್ದು ಅವರಿಗೇ ಗೊತ್ತಾಗಲಿಲ್ಲ. ಆ ಋಣ ದೊಡ್ಡದು. ಹಾಗಂತ ಅದರಲ್ಲಿ ಇದ್ದದ್ದೆಲ್ಲ ಪ್ರಸಾದ ಅಂತ ಕಣ್ಣಿಗೊತ್ತಿಕೊಳ್ಳಬೇಡ. ಒಳ್ಳೆಯವನು ಬಿಳಿ, ಕೆಟ್ಟವನು ಕಪ್ಪು, ರಾಕ್ಷಸನಿಗೆ ದಪ್ಪ ತುಟಿ, ಈ ಅಭ್ಯಾಸ ಅಲ್ಲಿಂದ ಎಷ್ಟು ಜನರ ಕುಂಚಕ್ಕೆ ಅಂಟಿದೆ! ನಿನ್ನದಕ್ಕೂ ಅಂಟಿದೆ. ನಿನ್ನ ಖಳನಾಯಕನ ಬಣ್ಣ ನೋಡು, ಆಮೇಲೆ ಹೋಗಿ ನಿನ್ನ ಸೋದರಮಾವನ ಬಣ್ಣ ನೋಡು. ಅವನಷ್ಟು ಒಳ್ಳೆಯವನು ನಮ್ಮ ಮನೆತನದಲ್ಲಿ ಇನ್ನೊಬ್ಬನಿಲ್ಲ.

ಮಾತಿನ ವಿಷಯ ಇನ್ನೂ ಮುಗಿದಿಲ್ಲ. ನಿನ್ನ ಕತೆಯ ಬಸ್ ಕಂಡಕ್ಟರ್ 'ಈ ಅನ್ಯಾಯವನ್ನು ನಾನೆಂದಿಗೂ ಸಹಿಸಲಾರೆ' ಅನ್ನುತ್ತಾನೆ. ಯಾವ ಡಿಪೋದವನಪ್ಪ ಅವನು? ತೊಗಲು ಗೊಂಬೆಯಾಟ ಒಂದು ರಾತ್ರಿಯಾದರೂ ಪೂರ್ತಿ ನೋಡು. ತೊಗಲಿನ ಮೇಲೆ ಬಣ್ಣ, ಹಿಂದೆ ದೀಪ, ಮುಂದೆ ಬಿಳಿ ಪರದೆ. ಒಂದೇ ತೊಗಲಿನಲ್ಲಿ ಇಡೀ ಆಸ್ಥಾನ ಕೂತಿರುವ ಗೊಂಬೆಗಳೂ ಉಂಟು. ಚಿತ್ರಗಳು ತಲೆಮಾರಿನಿಂದ ಬಂದವು, ಅವೇ. ಮಾತು ಮಾತ್ರ ಆ ರಾತ್ರಿಯದು, ಆ ಊರಿನದು. ರಾಮ ರಾವಣರು ತೂಕವಾಗಿ ಮಾತಾಡುತ್ತಿರುವಾಗ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಸಂತೆಯ ಮಾತಿನಲ್ಲಿ ಎಲ್ಲ ಕಲಕಿಬಿಡುತ್ತಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಇದೇ ಪರದೆಯ ಮೇಲೆ ಗಾಂಧೀಜಿಯ ಕತೆಯನ್ನೂ ಆಡಿಸಿದರು. ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ಮೇಲೆ. ಇವರ ಮಾತು ಕಿವಿಯಿಂದ ಹುಟ್ಟಿದ್ದು. ನಿನ್ನದು ಕೀಬೋರ್ಡಿನಿಂದ. ಪ್ರತಿ ಬಲೂನನ್ನೂ ಗಟ್ಟಿಯಾಗಿ ಓದು. ನಾಲಿಗೆ ತೊಡರಿದರೆ ಆ ಮಾತು ಸುಳ್ಳು. ಕಂಡಕ್ಟರ್ 'ಚಿಲ್ಲರೆ ಕೊಡಿ ಸಾರ್, ಬೆಳಿಗ್ಗೆಯಿಂದ ಎಲ್ಲರೂ ಐನೂರೇ' ಅನ್ನಲಿ. ಅವನ ಸಿಟ್ಟೆಲ್ಲ ಅದರಲ್ಲೇ ಬರುತ್ತೆ.

ಮಾತೇ ಆಡದವನನ್ನೂ ಮರೆಯಬೇಡ. ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಹುಟ್ಟಿ, ರಾಶಿಯವರ ಹಾಸ್ಯಪತ್ರಿಕೆ 'ಕೊರವಂಜಿ'ಗೆ ವ್ಯಂಗ್ಯಚಿತ್ರ ಬರೆದು, ಆಮೇಲೆ ಮುಂಬೈಗೆ ಹೋದವರು. ಅವರ ಶ್ರೀಸಾಮಾನ್ಯ ಚೌಕಳಿ ಕೋಟು, ಪಂಚೆ ಉಟ್ಟುಕೊಂಡು ಮಂತ್ರಿಗಳ ಮನೆಯಲ್ಲಿ, ಆಸ್ಪತ್ರೆಯಲ್ಲಿ, ನಲ್ಲಿಯ ಸಾಲಿನಲ್ಲಿ ಎಲ್ಲೆಲ್ಲೂ ನಿಂತ. ಬಾಯಿ ಬಿಡಲಿಲ್ಲ. ಸುತ್ತಲಿನವರು ಮಾತಾಡಿದರು, ಅವನು ನೋಡಿದ. ದೇಶ ಅವನನ್ನೇ ತನ್ನವನು ಅಂದುಕೊಂಡಿತು. ಲಕ್ಷ್ಮಣ್‌ಗೆ ಚಿಕ್ಕಂದಿನಿಂದ ಕಾಗೆ ಅಂದರೆ ಪ್ರಾಣ, ಬರೆದು ಬರೆದು ದಣಿಯಲಿಲ್ಲ. ನೀನು ಡ್ರ್ಯಾಗನ್ ಬರೆಯುತ್ತೀಯ. ಕಾಗೆ ಕತ್ತು ಓರೆ ಮಾಡಿ ಒಂದು ಕಣ್ಣಲ್ಲಿ ನೋಡುವುದನ್ನು ಬರೆದು ತೋರಿಸು, ಆಮೇಲೆ ಡ್ರ್ಯಾಗನ್ ಮಾತು.

ಅಕ್ಷರ ಬರೆಯುವುದನ್ನು ಕೊನೆಗೆ ಉಳಿಸುತ್ತೀಯಲ್ಲ, ಅದು ನಿಲ್ಲಬೇಕು. ಚಿತ್ರ ಎಲ್ಲ ಮುಗಿಸಿ, ಉಳಿದ ಮೂಲೆಯಲ್ಲಿ ಬಲೂನು ತುರುಕುತ್ತೀಯ. ಕನ್ನಡ ಅಕ್ಷರಕ್ಕೆ ಮೇಲೂ ಜಾಗ ಬೇಕು, ಕೆಳಗೂ ಬೇಕು. ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರ' ಅಂತ ಬರೆದ ಸಾಲಿನ ಕೆಳಗೆ 'ಹೇಗಿದ್ದೀರಿ' ಬಂದರೆ ಒತ್ತು ಬಂದು ಗುಡಿಸಿನ ತಲೆ ಕುಟ್ಟುತ್ತೆ. ವಿಭಕ್ತಿ ಪ್ರತ್ಯಯ ಎಲ್ಲ ಅಂಟಿಕೊಂಡು ಪದ ಉದ್ದವಾಗುತ್ತೆ, ಎಲ್ಲೆಂದರಲ್ಲಿ ಮುರಿಯೋಕಾಗಲ್ಲ. ಇಂಗ್ಲಿಷಿಗೆಂದು ಊದಿದ ಬಲೂನು ಕನ್ನಡಕ್ಕೆ ಸಾಲುವುದಿಲ್ಲ. ಪೆನ್ಸಿಲ್ ಹಿಡಿದ ಕೂಡಲೇ ಮೊದಲು ಮಾತಿನ ಜಾಗ ಗುರುತು ಮಾಡು, ಆಮೇಲೆ ಮುಖ ಬರಿ. ಇಂಗ್ಲಿಷಿನವರಿಗೆ ಕೂಗಲು ದೊಡ್ಡಕ್ಷರ ಇದೆ. ನಮಗಿರುವುದು ದೀರ್ಘ. 'ಲೋ ಮಾದಾ' ಅಂತ ಹೊಲದ ಆ ತುದಿಯಿಂದ ಕರೆದರೆ ಆ 'ದಾ' ಬದು ದಾಟಿ ಬರಬೇಕು. ಆ ಅಕ್ಷರವನ್ನು ಕೈಯಲ್ಲೇ ಎಳೆ, ಪ್ಯಾನೆಲ್ಲಿನ ಅಂಚು ದಾಟಿದರೂ ದಾಟಲಿ.

ಚೌಕವೇ ಬೇಕು ಅಂತ ಯಾರು ಹೇಳಿದರು? 2011ರಲ್ಲಿ ನವಯಾನ ಪ್ರಕಾಶನದಿಂದ 'ಭೀಮಾಯಣ' ಬಂತು, ಅಂಬೇಡ್ಕರ್ ಅವರ ಬದುಕಿನ ಕತೆ. ಚಿತ್ರ ಬರೆದವರು ಮಧ್ಯಪ್ರದೇಶದ ಗೊಂಡ ಕಲಾವಿದರು, ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ತಮ್ಮ ಜನರನ್ನು ಡಬ್ಬಿಯೊಳಗೆ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಮನೆಗೋಡೆಯ ಮೇಲೆ ಹಾಕುವ ದಿಗ್ನ ಚಿತ್ತಾರವನ್ನೇ ಹಾಯಾಗಿ ಬಳುಕಿಸಿ ಪುಟ ಭಾಗ ಮಾಡಿದರು. ಮೃದುವಾಗಿ ಮಾತಾಡುವವರ ಬಲೂನು ಹಕ್ಕಿಯ ಆಕಾರ. ವಿಷ ಕಾರುವವರ ಬಲೂನಿಗೆ ಚೇಳಿನ ಬಾಲ. ಬಾಲಕ ಅಂಬೇಡ್ಕರ್‌ಗೆ ನೀರು ಕೊಡಲ್ಲ ಅಂದವನ ಮಾತಿಗೆ ಕೊಂಡಿ ಇದೆ ಅನ್ನುವುದು ಓದು ಬಾರದ ಮಗುವಿಗೂ ತಿಳಿಯುತ್ತೆ. ಆ ಪುಸ್ತಕ ನನ್ನ ಹತ್ತಿರ ಇದೆ, ತಗೊಂಡು ಹೋಗು. ನಕಲು ಮಾಡಬೇಡ. ನಿನ್ನ ಅಜ್ಜಿಯ ರಂಗೋಲಿ, ಮಲೆನಾಡಿನ ಹಸೆ ಚಿತ್ತಾರ ಇವುಗಳಲ್ಲಿ ನಿನ್ನ ಕತೆಗೆ ಹೊಂದುವ ಗೆರೆ ಯಾವುದು ಅಂತ ಹುಡುಕು.

ಈಗ ಆ ಯಂತ್ರದ ಮಾತು. ನಾಲ್ಕು ಸಾಲು ಹೇಳಿದರೆ ಕಂಪ್ಯೂಟರೇ ಚಿತ್ರ ಮಾಡಿಕೊಡುತ್ತೆ ಅಂತ ಕುಣಿಯುತ್ತೀಯ. ಬಳಸಬೇಡ ಅಂತ ಹೇಳಿದರೆ ನೀನು ಕೇಳಲ್ಲ, ಗೊತ್ತು. ಒಂದು ಮಾತು ಮಾತ್ರ ಕೇಳು. ಹೂವಿನವಳ ಹೆಬ್ಬೆರಳಿಗೆ ಸುತ್ತಿದ ದಾರವನ್ನು ನೀನು ಬರೆದದ್ದು ಅವಳ ಎದುರು ಕೂತು, ಅವಳು ಬೈದರೂ ಏಳದೆ. ಹಾಗೆ ಕೂರುವುದನ್ನು ಬಿಟ್ಟರೆ ಯಂತ್ರಕ್ಕೆ ಏನು ಹೇಳಬೇಕು ಅನ್ನುವುದೂ ನಿನಗೆ ಮರೆತುಹೋಗುತ್ತೆ.

ಮುನ್ನೂರು ಪುಟ ಕಟ್ಟಿ ಅಟ್ಟದ ಮೇಲಿಡು, ಓಡಿಹೋಗಲ್ಲ. ಗೌರಿ ಹಬ್ಬದೊಳಗೆ ನನಗೆ ಎಂಟು ಪುಟ ಬೇಕು. ಒಂದು ಬೀದಿ, ಒಂದು ಮಧ್ಯಾಹ್ನ, ಇಬ್ಬರೇ ಜನ. ಮೊದಲು ಮಾತಿಲ್ಲದೆ ಬರಿ, ಪಕ್ಕದ ಮನೆಯ ಮಗುವಿಗೆ ಕೊಟ್ಟು ಏನಾಯಿತು ಹೇಳು ಅನ್ನು. ಅದು ಎಲ್ಲಿ ತಡವರಿಸುತ್ತೋ ಅಲ್ಲಿ ಮಾತ್ರ ಮಾತು ಹಾಕು. ಮಗು ಹೇಳುವಾಗ ನಡುವೆ ಬಾಯಿ ಹಾಕಿ 'ಹಾಗಲ್ಲ, ಹೀಗೆ' ಅನ್ನಬೇಡ, ನಿನ್ನ ಚಟ ನನಗೆ ಗೊತ್ತಿದೆ. ಒಳ್ಳೆಯ ಕಾಗದ ಈಗಲೇ ಕೊಳ್ಳಬೇಡ, ಕರಡಿಗೆ ಅಂಗಡಿಯ ಲೆಕ್ಕದ ಪುಸ್ತಕ ಸಾಕು. ಶಾಯಿ ಹಾಕುವ ಮುಂಚೆ ತಗೊಂಡು ಬಾ, ಶಾಯಿ ಹಾಕಿದ ಮೇಲೆ ತಂದರೆ ಅಳಿಸು ಅಂದಾಗ ಮುಖ ಊದಿಸಿಕೊಳ್ಳುತ್ತೀಯ.